ಕಣ್ಣಿಗೆ ಎರಡು ಹನಿ

ಕೊ ವೆನ್‌ಶಾನ್ ಅವರು ನನ್ನ ಸೀಬೆಹಣ್ಣುಗಳನ್ನು ಕಸದ ಗಾಡಿಗೆ ಎಸೆದರು. ನಮ್ಮ ಪರಿಚಯವಾದದ್ದು ಹಾಗೆ.

ತೈವಾನಿನ ತೈನಾನ್ ಊರಲ್ಲಿ ನಮ್ಮ ಓಣಿಗೆ ಕಸದ ಗಾಡಿ ಸಂಜೆ ಹಾಡು ಹಾಕಿಕೊಂಡು ಬರುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ವಯಸ್ಸಿದ್ದಾಗ ಹಾಡು ಕೇಳಿದ ಮೇಲೆ ಚಪ್ಪಲಿ ಹುಡುಕುತ್ತಿದ್ದೆ. ಈಗ ಹಾಡಿಗಿಂತ ಮೊದಲೇ ಬಂದು ಮೂಲೆಯಲ್ಲಿ ನಿಂತಿರುತ್ತೇನೆ. ಆ ದಿನ ಮಾರುಕಟ್ಟೆಯಿಂದ ಬರುವುದು ತಡವಾಗಿತ್ತು. ಒಂದು ಕೈಯಲ್ಲಿ ಕಸದ ಚೀಲ, ಇನ್ನೊಂದರಲ್ಲಿ ಹಣ್ಣಿನ ಚೀಲ, ಮಂಡಿಯಲ್ಲಿ ಚಳುಕು. ಗಾಡಿ ಹೊರಟೇಬಿಟ್ಟಿತ್ತು. ಓಣಿಗೆ ಹೊಸದಾಗಿ ಬಂದಿದ್ದ ಎತ್ತರದ ಮನುಷ್ಯರೊಬ್ಬರು ನನ್ನ ಎರಡೂ ಕೈ ಖಾಲಿ ಮಾಡಿ, ಕುಂಟುತ್ತಲೇ ಓಡಿ, ಎರಡೂ ಚೀಲಗಳನ್ನು ಅದರೊಳಗೆ ಒಗೆದು, ಗೆದ್ದವರಂತೆ ತಿರುಗಿ ನಕ್ಕರು.

"ಸದ್ಯ, ಸಿಕ್ತು ನೋಡಿ," ಅಂದರು.

"ಅದರಲ್ಲೊಂದು ಚೀಲ ಸೀಬೆಹಣ್ಣು," ಅಂದೆ.

"ಏನ್ ಹಣ್ಣು?"

"ನನ್ನ ರಾತ್ರಿ ಊಟ."

ಮೂಲೆಯಲ್ಲಿ ಮೀನಿನ ಗಂಜಿ ಮಾರುವ ಆಯಿಂಗ್ ಸೌಟು ಹಿಡಿದುಕೊಂಡೇ ನಗತೊಡಗಿದಳು. ನಾನು ತಲೆ ತಗ್ಗಿಸಿ ಅವರ ಕಾಲು ನೋಡಿದೆ. ಚಪ್ಪಲಿ ಅಂಗಡಿಯಲ್ಲಿ ಜೀವಮಾನ ದುಡಿದವಳು ನಾನು. ಮುಖಕ್ಕಿಂತ ಮೊದಲು ಪಾದ ನೋಡುವುದು ಚಾಳಿ. ಬಲಗಾಲಿನ ಚಪ್ಪಲಿಯ ಹಿಮ್ಮಡಿ ಪೂರಾ ಸವೆದಿತ್ತು. ಹೇಳುವವರಿಲ್ಲದ ಗಂಡಸು ಎಂದುಕೊಂಡೆ.

ಮಾರನೆಯ ಸಂಜೆ ಒಂದು ಚೀಲ ಸೀಬೆ ತಂದುಕೊಟ್ಟರು. ಎಲ್ಲಾ ಕಲ್ಲಿನಂಥ ಕಾಯಿ.

"ಇದನ್ನ ಕಚ್ಚೋಕೆ ನಿಮಗೆ ಹಲ್ಲಿದೆಯಾ?"

"ನನಗಿಲ್ಲ. ನಿಮಗಿರಬಹುದು ಅಂದ್ಕೊಂಡೆ. ನಿನ್ನೆ ಮಾತಾಡಿದ್ದು ಕೇಳಿದ್ರೆ ಹಾಗನ್ನಿಸ್ತು."

ಅಲ್ಲಿಂದ ಶುರು. ಗಾಡಿ ಬರುವ ಮುಂಚೆ ಆಯಿಂಗಳ ಅಂಗಡಿ ಮುಂದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವುದು, ಗಾಡಿ ಹೋದ ಮೇಲೂ ಏಳದಿರುವುದು. ಏಳದಿರುವುದಕ್ಕೆ ಪ್ರೀತಿ ಕಾರಣ ಅಂದುಕೊಳ್ಳಬೇಡಿ. ಆ ಸ್ಟೂಲು ತೀರ ತಗ್ಗು, ಏಳುವುದೇ ಒಂದು ದೊಡ್ಡ ಕೆಲಸ.

ಅವರು ದೂರದೂರಿನ ಬಸ್ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಕಿಟಕಿಯ ಗಾಳಿಗೆ ಎಡಗಿವಿ ಮಂದವಾಗಿದ್ದರಿಂದ ನಾನು ಅವರ ಬಲಕ್ಕೆ ಕೂರುವುದನ್ನು ಕಲಿತೆ. ಚೆನ್ನಾಗಿದ್ದೀರಾ ಎಂದು ನಾವು ಕೇಳಿಕೊಳ್ಳುತ್ತಿರಲಿಲ್ಲ.

"ಇವತ್ತು ಯಾವುದು?"

"ಸೊಂಟ. ನಿಮ್ದು?"

"ಮಂಡಿಗೆ ರಜೆ. ಭುಜ ಡ್ಯೂಟಿಗೆ ಬಂದಿದೆ."

"ಪಾಪ, ಪಾಳಿ ಹಾಕ್ಕೊಂಡು ದುಡೀತಾವೆ."

ವಯಸ್ಸಾಗುವುದರಲ್ಲಿ ಇಷ್ಟೊಂದು ತಮಾಷೆಯಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಬಸ್ಸಿನಲ್ಲಿ ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಾಗ, ಯಾವ ಮುದುಕಿ ಹತ್ತಿದಳಪ್ಪಾ ಎಂದು ನಾನು ಹಿಂದೆ ತಿರುಗಿ ನೋಡಿದ್ದೆ. ಇದನ್ನು ಹೇಳಿದಾಗ ಅವರು ಬಹಳ ನಕ್ಕರು.

"ನನಗೂ ಒಬ್ಬ ಜಾಗ ಬಿಟ್ಟ. ನಾನು ಇಳಿದೇಬಿಟ್ಟೆ."

"ಆಮೇಲೆ?"

"ಮುಂದಿನ ಬಸ್ಸಲ್ಲಿ ಜಾಗಾನೇ ಸಿಗಲಿಲ್ಲ. ಊರ ತನಕ ನಿಂತೇ ಬಂದೆ."

ಅವರ ನೋಟದ ವಿಷಯ ಹೇಳಬೇಕು. ಮಾತಿನ ನಡುವೆ ತಲೆಯನ್ನು ಸ್ವಲ್ಪ ವಾಲಿಸಿ, ಕಣ್ಣು ಕಿರಿದು ಮಾಡಿ, ನನ್ನನ್ನು ನಿಧಾನವಾಗಿ ನೋಡುತ್ತಿದ್ದರು. ಅವಸರವಿಲ್ಲದ, ನನ್ನ ಮುಖದಲ್ಲಿ ಏನೋ ಅರ್ಥ ಹುಡುಕುತ್ತಿರುವಂಥ ನೋಟ. ನನ್ನ ಕಿವಿ ಬೆಚ್ಚಗಾಗುತ್ತಿತ್ತು. ಅರವತ್ತೆರಡರಲ್ಲಿ ಕಿವಿ ಬೆಚ್ಚಗಾದರೆ ಮೊದಲು ಬಿ.ಪಿ. ಇರಬೇಕು ಎಂದು ಅನುಮಾನ ಬರುತ್ತದೆ. ನನಗೂ ಬಂತು. ಆದರೂ ಕೂದಲಿಗೆ ಬಣ್ಣ ಹಚ್ಚಿದೆ. ತುಟಿಗೂ ಒಂದಿಷ್ಟು.

"ಅಕ್ಕಾ, ಕಸ ಹಾಕೋಕೆ ಲಿಪ್‌ಸ್ಟಿಕ್ ಯಾಕೆ?" ಎಂದಳು ಆಯಿಂಗ್.

"ತುಟಿ ಒಡೆದಿದೆ."

"ಒಳ್ಳೆ ಕೆಂಪಗೆ ಒಡೆದಿದೆ."

ಚಳಿ ಶುರುವಾಗುವ ಹೊತ್ತಿನಲ್ಲಿ ಒಂದು ಸಂಜೆ ಅವರು ಗಂಜಿಯ ಬಟ್ಟಲಿನೊಳಗೇ ನೋಡುತ್ತ ಹೇಳಿದರು.

"ನಮ್ಮನೇಲಿ ಕೆಳಗಡೆ ಒಂದು ರೂಮು ಖಾಲಿ ಇದೆ. ಮೆಟ್ಟಿಲು ಹತ್ತೋ ಕೆಲಸ ಇಲ್ಲ."

"ಬಾಡಿಗೆಗೆ ಕೊಡ್ತೀರಾ?"

"ಇಲ್ಲ. ನಿಮಗೆ ಹೇಳ್ತಿದೀನಿ, ಚ್ಯೂಲಾನ್."

ಅಕ್ಕ ಇಲ್ಲದೆ, ಬರೀ ಹೆಸರು. ಹಾಗೆ ಕರೆಸಿಕೊಂಡು ಎಷ್ಟು ಕಾಲವಾಗಿತ್ತೋ. ಎದೆಯಲ್ಲಿ ಏನೋ ಚಿಗುರಿದ್ದು ನಿಜ. ಆದರೆ ಅದರ ಹಿಂದೆಯೇ ದಣಿವು ಎದ್ದು ಬಂತು. ಲಕ್ವ ಹೊಡೆದ ಅಪ್ಪನನ್ನು ನೋಡಿಕೊಳ್ಳಲು ಮದುವೆ ಮುಂದೆ ಹಾಕಿದೆ. ಅಪ್ಪ ಹೋಗುವಷ್ಟರಲ್ಲಿ ಅಮ್ಮನಿಗೆ ಮರೆವು ಹತ್ತಿತ್ತು. ಅಣ್ಣಂದಿರು ಹಬ್ಬಕ್ಕೆ ಬಂದು, ನೀನು ಗಟ್ಟಿಗಿತ್ತಿ ಕಣೇ ಎಂದು ಹೊಗಳಿ, ಉಂಡು ಹೋಗುತ್ತಿದ್ದರು. ಹೋದ ವರ್ಷ ಅಮ್ಮ ತೀರಿಕೊಂಡಾಗ ನಾನು ಅತ್ತದ್ದಕ್ಕಿಂತ ಮಲಗಿದ್ದೇ ಹೆಚ್ಚು.

"ನನ್ನ ಕೈಲಾಗಲ್ಲ," ಅಂದೆ. "ನಿಮ್ಮ ಮೇಲೆ ಮನಸ್ಸಿಲ್ಲ ಅಂತಲ್ಲ. ಇನ್ನು ಯಾರ ಮಾತ್ರೆನೂ ನೆನಪಿಟ್ಕೊಳ್ಳೋ ಶಕ್ತಿ ಇಲ್ಲ. ನಾಳೆ ನೀವು ಬಿದ್ರೆ ಎತ್ತೋಳು ನಾನೇ ತಾನೆ? ನೋಡ್ಕೊಂಡಿದ್ದು ಸಾಕಾಗಿದೆ ನಂಗೆ."

ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ನೀವು ಹೇಳೋದು ನ್ಯಾಯವೇ," ಅಂದರು. ಮಂಡಿಗೆ ಕೈಕೊಟ್ಟು ನಿಧಾನ ಎದ್ದರು. ಎಬ್ಬಿಸಲು ನಾನು ಕೈ ಚಾಚಲಿಲ್ಲ.

ಆಮೇಲೆ ಅವರು ಬರಲಿಲ್ಲ. ಗಾಡಿ ಬಂತು, ಹೋಯಿತು, ಬಂತು, ಹೋಯಿತು. ಬೇಜಾರಾಗಿರಬೇಕು, ಆಗಲಿ, ಒಳ್ಳೆಯದೇ ಆಯಿತು ಎಂದುಕೊಂಡೆ. ಒಳ್ಳೆಯದಾದರೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ಕೊನೆಗೆ ಆಯಿಂಗಳೇ ಬಾಯಿ ಬಿಟ್ಟಳು.

"ಕೊ ಅಣ್ಣ ಕಣ್ಣಿನ ಆಪರೇಷನ್ ಮಾಡಿಸ್ಕೊಂಡ್ರು ಅಕ್ಕಾ. ನಿಮಗೆ ಹೇಳ್ಬೇಡ ಅಂದಿದ್ರು."

"ಕಣ್ಣಿಗೇನಾಗಿತ್ತು?"

"ಪೊರೆ. ಎಲ್ಲಾ ಮಂಜುಮಂಜಾಗಿ ಕಾಣ್ತಿತ್ತಂತೆ. ನೀವು ಪಕ್ಕದಲ್ಲಿ ಕೂತಿದ್ದೀರೋ ಎದ್ದು ಹೋದ್ರೋ ಅಂತ ಕಣ್ಣು ಕಿರಿದು ಮಾಡಿ ನೋಡ್ಬೇಕಾಗ್ತಿತ್ತಂತೆ. ಒಬ್ರೇ ಟ್ಯಾಕ್ಸಿಲಿ ಹೋದ್ರು, ಒಬ್ರೇ ಬಂದ್ರು."

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಇಷ್ಟು ದಿನ ನಾನು ಕಣ್ಣೋಟ ಎಂದುಕೊಂಡದ್ದು ಕಣ್ಣಿನ ಪೊರೆ. ಅದಕ್ಕಾಗಿ ಕೂದಲಿಗೆ ಬಣ್ಣ ಹಚ್ಚಿದ್ದೆ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಬ್ಬರೇ ಹೋಗಿ ಒಬ್ಬರೇ ಬಂದರು ಎಂಬುದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡಾಗ ನಗುವೂ ಉಳಿಯಲಿಲ್ಲ, ಸಿಟ್ಟೂ ಉಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅವರು ಬೆತ್ತದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಔಷಧಿಯ ಪುಟ್ಟ ಬಾಟಲಿಯನ್ನು ಎತ್ತರಕ್ಕೆ ಹಿಡಿದು ಕೂತಿದ್ದರು. ಒಂದು ಹನಿ ಕೆನ್ನೆಗೆ ಬಿತ್ತು. ಇನ್ನೊಂದು ಕಿವಿಗೆ.

"ಆ ಔಷಧಿ ಕಿವಿಗಲ್ಲ," ಅಂದೆ.

ಅವರು ಬೆಚ್ಚಿ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ನಾನು ನಿಮ್ಮನ್ನ ಏನೂ ಕೇಳ್ಲಿಲ್ಲವಲ್ಲ."

"ಅದಕ್ಕೇ ಸಿಟ್ಟು."

"ನೋಡ್ಕೊಳ್ಳೋಕಾಗಲ್ಲ ಅಂದ್ರಿ."

"ಹೌದು, ಅಂದೆ. ನಂಗೆ ಹೇಳ್ಲೇಬೇಡಿ ಅಂದ್ನಾ?"

ಕೈ ತೊಳೆದುಕೊಂಡು ಬಂದು ಅವರ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಅಷ್ಟೊಂದು ಸಂಜೆಗಳಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ. ರೆಪ್ಪೆಕೂದಲಿನ ತುದಿ ಬೆಳ್ಳಗಾಗಿತ್ತು. ಗಡ್ಡ ಒಂದು ಕಡೆ ಮಾತ್ರ ಹೆರೆದಿದ್ದರು. ಬೆರಳಿನಿಂದ ಕೆಳರೆಪ್ಪೆ ಎಳೆದು ಎರಡು ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡಿತು. ಔಷಧಿ ಹರಿದು ಕೆನ್ನೆಗೆ ಬಂತು. ಒರೆಸಿದೆ. ಒರೆಸಿದ ಮೇಲೂ ಬೆರಳು ಅಲ್ಲೇ ಇತ್ತು. ಅವರು ಅಲುಗಲಿಲ್ಲ.

"ಇವತ್ತೊಂದಿನ ಮಾತ್ರ," ಅಂದೆ.

"ಸರಿ."

"ಸರಿ ಅನ್ನೋದು ಬಿಟ್ರೆ ಬೇರೆ ಮಾತು ಬರಲ್ವಾ?"

"ಜಗಳ ಆಡಿದ್ರೆ ನಿಮಗೆ ಸುಸ್ತಾಗತ್ತೆ."

ಅವರು ಕಣ್ಣು ತೆರೆದರು. ಆಗ ನನಗೆ ಹೊಳೆಯಿತು: ಈಗ ಇವರಿಗೆ ಕಾಣುತ್ತದೆ. ಬೈತಲೆಯ ಬಿಳಿ, ಕೆನ್ನೆಯ ಕಂದು ಮಚ್ಚೆ, ಕುತ್ತಿಗೆಯ ನೆರಿಗೆ, ಎಲ್ಲವೂ. ಮುಖ ಆ ಕಡೆ ತಿರುಗಿಸಿದೆ.

"ಅಷ್ಟೊಂದು ನೋಡ್ಬೇಡಿ. ಕಣ್ಣಿಗೆ ಶ್ರಮ ಕೊಡ್ಬೇಡಿ ಅಂದಿರ್ತಾರೆ ಡಾಕ್ಟ್ರು."

ಅವರು ನೋಡಿಯೇ ನೋಡಿದರು. ಈ ಸಲ ಕಣ್ಣು ಕಿರಿದಾಗಲಿಲ್ಲ, ತಲೆ ವಾಲಲಿಲ್ಲ. ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ, ಮತ್ತೆ ಕಣ್ಣಿಗೆ. ನಾನು ಕೇಳದೆ ಇರಲಾರದಾದೆ.

"ಏನು ಕಾಣ್ತು? ಮುದುಕಿ ಅಂತ ಮಾತ್ರ ಹೇಳ್ಬೇಡಿ."

"ನಿಮಗೆ ತುಂಬ ದಣಿವಾಗಿದೆ," ಅಂದರು.

ಇಷ್ಟು ವರ್ಷ ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅಂದಿದ್ದರು. ಈ ಮಾತನ್ನು ಯಾರೂ ಅಂದಿರಲಿಲ್ಲ. ಅವರು ಸೊಂಟ ಹಿಡಿದುಕೊಂಡು ಎದ್ದು, ಕುರ್ಚಿ ನನ್ನ ಕಡೆ ಸರಿಸಿದರು.

"ಕೂತ್ಕೊಳ್ಳಿ."

"ಆಪರೇಷನ್ ಆಗಿರೋದು ನಿಮಗೆ."

"ಕಣ್ಣಿಗೆ ಆಗಿರೋದು. ಅಕ್ಕಿ ತೊಳೆಯೋಕೆ ಒಂದು ಕಣ್ಣು ಸಾಕು."

ಕೂತೆ. ಕುರ್ಚಿ ಅವರ ಮೈಯಿಂದ ಇನ್ನೂ ಬೆಚ್ಚಗಿತ್ತು. ಅಡುಗೆಮನೆಯಿಂದ ಶುಂಠಿ ಹಾಕಲೇ ಎಂದು ಕೂಗಿದರು. ಹಾಕಿ ಅಂದೆ. ಅವರಿಗೆ ಕೇಳಿಸಲಿಲ್ಲವೇನೋ, ಕೇಳಲು ಮತ್ತೆ ಬಾಗಿಲ ತನಕ ಬಂದರು. ಅಷ್ಟರಲ್ಲಿ ನನ್ನ ಕಣ್ಣು ಮುಚ್ಚಿತ್ತು. ಅವರು ಅಲ್ಲೇ ನಿಂತದ್ದು, ಕಿಟಕಿಯ ಪರದೆ ಎಳೆದದ್ದು, ತುದಿಗಾಲಲ್ಲಿ ವಾಪಸು ಹೋದದ್ದು ಎಲ್ಲೋ ದೂರದಲ್ಲಿ ಕೇಳಿಸಿತು.

ಎಚ್ಚರವಾದಾಗ ಬಾಗಿಲಿಂದ ಬಂದ ಬಿಸಿಲು ಗೋಡೆ ಹತ್ತಿತ್ತು. ಅವರು ಎದುರಿಗೆ ಕೂತಿದ್ದರು, ಬಟ್ಟಲಿಗೆ ತಟ್ಟೆ ಮುಚ್ಚಿಟ್ಟುಕೊಂಡು.

"ತುಂಬ ಹೊತ್ತು ಮಲಗಿದ್ನಾ?"

"ಗಂಜಿ ಅನ್ನ ಆಗೋವಷ್ಟು."

ತಿಂದೆ. ಉಪ್ಪು ಜಾಸ್ತಿಯಾಗಿತ್ತು. ಹೇಳಲಿಲ್ಲ. ಇನ್ನೊಬ್ಬರು ಮಾಡಿ ಬಡಿಸಿದ್ದನ್ನು ಕೂತು ತಿನ್ನುವುದು ನನಗೆ ಅಭ್ಯಾಸವೇ ಇರಲಿಲ್ಲ. ಕೈ ಸುಮ್ಮಸುಮ್ಮನೆ ಏನಾದರೂ ಕೆಲಸ ಹುಡುಕುತ್ತಿತ್ತು. ಅವರು ಆ ಕೈಯನ್ನು ಮೆಲ್ಲಗೆ ಹಿಡಿದು ಮೇಜಿನ ಮೇಲಿಟ್ಟರು. ಬಿಡಲಿಲ್ಲ.

"ನಿಮ್ಮ ಮೇಲೆ ಮನಸ್ಸಾಗಿದೆ ನಂಗೆ," ಅಂದೆ. "ಆದ್ರೆ ದಣಿವೂ ಹಾಗೇ ಇದೆ. ಅದು ಹೋಗೋ ಹಾಗೆ ಕಾಣಲ್ಲ."

ಅವರು ಇನ್ನೊಂದು ಕೈಯಿಂದ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಎರಡನ್ನೂ ತಗೊಂಡು ಬನ್ನಿ," ಅಂದರು. "ಜಾಗ ಇದೆ."