ಹೆಚ್ಚಾದ ಹತ್ತೊಂಬತ್ತು ಉತ್ತರಪತ್ರಿಕೆಗಳು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಭಾನುವಾರ ಯಾರೋ ಶಾಲೆಯ ಬೀಗ ಒಡೆದು ಒಳನುಗ್ಗಿ, ಹಿಂದಿನ ದಿನ ನಡೆದ ಐದನೇ ತರಗತಿಯ ಮೌಲ್ಯಾಂಕನ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದ್ದಾರೆ, ಅರಗಿನ ಮುದ್ರೆ ಕಿತ್ತಿದ್ದಾರೆ ಎಂಬುದು ದೂರಿನ ಸಾರಾಂಶ.

“ಎಷ್ಟು ಪತ್ರಿಕೆ ಕಳುವಾಗಿದೆ?” ಇನ್ಸ್‌ಪೆಕ್ಟರ್ ಕೇಳಿದರು.

“ಕಳುವಾಗಿಲ್ಲ ಸಾರ್. ಹೆಚ್ಚಾಗಿದೆ.”

“ಅಂದ್ರೆ?”

“ನಾನು ಕಟ್ಟಿದ್ದು ಐವತ್ತೆರಡು. ಈಗ ಎಪ್ಪತ್ತೊಂದು ಇದೆ.”

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇನ್ಸ್‌ಪೆಕ್ಟರ್ ಬಗೆಬಗೆಯ ಕಳ್ಳರನ್ನು ಕಂಡಿದ್ದರು. ಬೀಗ ಒಡೆದು ಸಾಮಾನು ಇಟ್ಟುಹೋದವರನ್ನು ಮಾತ್ರ ಕಂಡಿರಲಿಲ್ಲ. ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆಯನ್ನು ಕರೆದುಕೊಂಡು ಶಾಲೆಗೆ ಹೊರಟರು.

ಮುಖ್ಯೋಪಾಧ್ಯಾಯರಿಗೆ ಊರಲ್ಲಿ ‘ಶೇಕಡಾ ಮೇಷ್ಟ್ರು’ ಎಂದು ಹೆಸರು. ಅವರ ಕೋಣೆಯ ಗೋಡೆಯ ತುಂಬ ಫಲಿತಾಂಶದ ಚಾರ್ಟುಗಳು. ಈ ಸಲ ಶೇಕಡಾ ನೂರು ಬಂದರೆ ಶಾಲೆಗೆ ಪ್ರಶಸ್ತಿ, ಅವರಿಗೆ ಬಡ್ತಿ. ಅವರು ಹೋದ ವರ್ಷವೇ ಚಾರ್ಟಿಗೆ ಜಾಗ ಖಾಲಿ ಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಮುರಿದ ಬೀಗ, ಅರಗಿನ ಚೂರು, ಎಪ್ಪತ್ತೊಂದು ಪತ್ರಿಕೆ ಜಪ್ತಿಯಾದವು.

“ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದಾರೆ?”

“ಎಪ್ಪತ್ತೊಂದು.”

“ಶನಿವಾರ ಐವತ್ತೆರಡು ಜನ ಬರೆದ್ರು. ಮಿಕ್ಕವರು?”

“ಜ್ವರ ಸಾರ್.”

“ಹತ್ತೊಂಬತ್ತು ಮಕ್ಕಳಿಗೂ?”

ಮಹಿಳಾ ಪೇದೆ ಪತ್ರಿಕೆಗಳ ಮೇಲಿನ ಹೆಸರುಗಳನ್ನು ಹಾಜರಿಯ ಜೊತೆ ತಾಳೆ ನೋಡುತ್ತಿದ್ದಳು. “ಜ್ವರ ವಿಳಾಸ ನೋಡ್ಕೊಂಡು ಬಂದಿದೆ ಸಾರ್,” ಎಂದಳು. “ಎಲ್ರೂ ಕಟ್ಟಡದ ಕೆಲಸದ ಶೆಡ್ಡಿನವರು. ಬೇರೆ ಕಡೆಯಿಂದ ಬಂದವರ ಮಕ್ಕಳು. ಮನೇಲಿ ಬೇರೆ ಭಾಷೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಹೆಚ್ಚಾದ ಪತ್ರಿಕೆಗಳನ್ನು ನೋಡಿದಾಗ ಇನ್ಸ್‌ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಕೆಲವು ಅರ್ಧಂಬರ್ಧ, ಕೆಲವು ಪೂರ್ತಿ ಖಾಲಿ. ಅಂಕ ಹೆಚ್ಚಿಸಲು ಕಳ್ಳದಾರಿ ಹಿಡಿಯುವವರುಂಟು. ಫೇಲಾಗುವುದಕ್ಕೆ ಬೀಗ ಒಡೆಯುವವರುಂಟೇ? ಒಂದು ಪತ್ರಿಕೆಯಲ್ಲಿ ಮಾತ್ರ ಭಾಗಾಕಾರದ ಲೆಕ್ಕ ಸರಿಯಿತ್ತು. ಅದರ ಪಕ್ಕದಲ್ಲಿ ಕೆಂಪು ಶಾಯಿಯ ಟಿಕ್.

“ಇದನ್ನ ತಿದ್ದಿದೋರು ಯಾರು?”

“ಯಾರೂ ತಿದ್ದೋ ಹಾಗಿಲ್ಲ ಸಾರ್, ತಿದ್ದೋರು ಹೊರಗಿನೋರು,” ಮೇಷ್ಟ್ರು ಹೇಳಿದರು.

ಇನ್ಸ್‌ಪೆಕ್ಟರ್ ಒಂದೊಂದೇ ತರಗತಿಗೆ ಹೋದರು. ಗೋಡೆಗಳ ಮೇಲೆ ಮಕ್ಕಳು ಬರೆದ, ಟೀಚರುಗಳು ತಿದ್ದಿದ ಹಾಳೆಗಳನ್ನು ಅಂಟಿಸಿದ್ದರು. ಮೂರನೇ ತರಗತಿಯ ಟಿಕ್ ಮೋಟು. ನಾಲ್ಕನೆಯದು ನೇರ. ಐದನೇ ತರಗತಿಯ ಗೋಡೆಯ ಟಿಕ್‌ಗಳಿಗೆ ಉದ್ದ ಬಾಲ, ಬಾಲದ ತುದಿಯಲ್ಲೊಂದು ಸುರುಳಿ. ಕೈಯಲ್ಲಿದ್ದ ಪತ್ರಿಕೆಯ ಟಿಕ್ ಕೂಡ ಹಾಗೇ ಇತ್ತು.

ಹನ್ನೆರಡು ಗಂಟೆಗೆ ಶೆಡ್ಡಿನ ಮೇಸ್ತ್ರಿಯ ಹೇಳಿಕೆ ಪಡೆಯಲಾಯಿತು.

“ಶುಕ್ರವಾರ ಹೆಡ್‌ಮಾಸ್ಟರು ಬಂದು ನಾಳೆ ರಜಾ ಅಂದ್ರು. ಭಾನುವಾರ ಬೆಳಿಗ್ಗೆ ಟೀಚರಮ್ಮ ಬಂದು ಇವತ್ತು ಪರೀಕ್ಷೆ ಅಂದ್ರು. ಕಳಿಸಿದ್ವಿ. ಶಾಲೆಗೆ ಕಳಿಸೋದೂ ಕೇಸಾ ಸಾರ್?”

ಐದನೇ ತರಗತಿಯ ಟೀಚರ್ ಪಾಠ ಮುಗಿಸಿಯೇ ಹೊರಗೆ ಬಂದರು. ಇನ್ಸ್‌ಪೆಕ್ಟರ್ ವರಾಂಡದಲ್ಲಿ ಕಾದು ನಿಂತಿದ್ದರು.

“ಬೀಗ ಒಡೆದದ್ದು?”

“ನಾನೇ.”

“ಪ್ರಶ್ನೆಪತ್ರಿಕೆ?”

“ಎಪ್ಪತ್ತೊಂದು ಬಂದಿತ್ತು. ಅವರ ಪಾಲಿನದು ಬೀರುವಿನಲ್ಲೇ ಉಳಿದಿತ್ತು. ಅದನ್ನೇ ಕೊಟ್ಟೆ.”

“ಉತ್ತರ ಹೇಳಿಕೊಟ್ರಾ?”

“ಒಂದಕ್ಷರ ಹೇಳಿಲ್ಲ. ಒಂದು ಹುಡುಗಿ ಮೊದಲ ಸಲ ಭಾಗಾಕಾರ ಸರಿ ಮಾಡಿ, ಹಾಳೆ ಎತ್ತಿ ತೋರಿಸಿದಳು. ಕೈ ತಡೀಲಿಲ್ಲ, ಟಿಕ್ ಹಾಕಿಬಿಟ್ಟೆ.”

“ಇವರ ಪತ್ರಿಕೆ ಸೇರಿದರೆ ಶಾಲೆಯ ಶೇಕಡಾ ಇಳಿಯುತ್ತೆ ಅಂತ ಗೊತ್ತಿತ್ತಾ?”

“ಇಳೀಲಿ ಅಂತಲೇ ಮಾಡಿದ್ದು! ನಾಲ್ಕರಲ್ಲಿ ಒಬ್ಬರು ಹಿಂದೆ ಬಿದ್ದರೆ ಇಲಾಖೆ ಇನ್ನೊಬ್ಬ ಟೀಚರನ್ನ ಕೊಡಬೇಕು, ಅವರ ಭಾಷೆ ಬಲ್ಲವರನ್ನ. ಹಾಗಂತ ನಿಯಮ ಇದೆ. ಈ ಮಕ್ಕಳಿಗೆ ಸೊನ್ನೆ ಬಂದರೆ ಸೊನ್ನೆ ಅಂತ ಬರೀಲಿ ಸಾರ್. ಸೊನ್ನೆ ತಗೊಳ್ಳೋಕೂ ಪರೀಕ್ಷೆಗೆ ಕೂರಿಸಬೇಕಲ್ಲ?”

ಅಷ್ಟರಲ್ಲಿ ಶೇಕಡಾ ಮೇಷ್ಟ್ರು ಓಡಿಬಂದರು. ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಮನೆಯ ಜಗಳ ಬೀದಿಗೆ ಬರುವುದು ಬೇಡ ಎಂದರು. ಹತ್ತೊಂಬತ್ತು ಮಕ್ಕಳ ಹೆಸರು ಪಂಚನಾಮೆ ಸೇರಿದ್ದು ಅವರಿಗೆ ಆಗ ಹೊಳೆದಿತ್ತು. ತಾವೇ ಸಹಿ ಹಾಕಿದ್ದರು.

“ಎಫ್‌ಐಆರ್ ಆಗಿದೆ ಮೇಷ್ಟ್ರೇ. ಇನ್ನೇನಿದ್ದರೂ ಕೋರ್ಟಿನಲ್ಲಿ,” ಎಂದರು ಇನ್ಸ್‌ಪೆಕ್ಟರ್. “ಜ್ವರದ ವಿಷಯಾನೂ ಅಲ್ಲೇ ಹೇಳಿ.”

ಟೀಚರ್ ನಕ್ಕರು. “ಅವರು ದೂರು ಕೊಡದೇ ಇದ್ದಿದ್ದರೆ ನಾನೇ ಬಂದು ಕೊಡ್ತಿದ್ದೆ, ನನ್ನ ಮೇಲೆ.”

“ತಪ್ಪು ಒಪ್ಪಿಕೋತೀರಾ?”

“ಬೀಗ ಒಡೆದದ್ದು ಒಪ್ಪಿಕೋತೀನಿ. ತಪ್ಪು ಅಂತ ಒಪ್ಪಲ್ಲ. ಹಾಗೇ ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ಹಾಗೇ ಬರೆದುಕೊಂಡರು. ಅವರಿಗೆ ಆಕೆಯ ಮೇಲೆ ಗೌರವ ಹುಟ್ಟಿತ್ತು, ಆದರೆ ಮುರಿದ ಬೀಗ ಮುರಿದ ಬೀಗವೇ. ಮಧ್ಯಾಹ್ನ ಮೂರಕ್ಕೆ ಮಹಿಳಾ ಪೇದೆ ಬಂಧನದ ಕಾಗದ ತುಂಬಿದಳು.

“ಅರೆಸ್ಟಾದ ವಿಷಯ ಯಾರಿಗೆ ತಿಳಿಸಬೇಕು ಮೇಡಂ?”

“ನಮ್ಮತ್ತೆಗೆ. ಗಾಬರಿ ಆಗಲ್ಲ, ಸುತ್ತಿಗೆ ಕೊಟ್ಟಿದ್ದೇ ಅವರು.”

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಕೊನೆಯ ಮಾತು ಅವರ ಕಿವಿಗೆ ಬಿದ್ದಿಲ್ಲವೆಂದು ಪೇದೆ ತಾನೇ ತೀರ್ಮಾನಿಸಿ, ಬರಿಯ ವಿಳಾಸ ಬರೆದಳು.

ಸಂಜೆ ಟೀಚರಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಆರೋಪಿಯ ಉದ್ದೇಶದ ಕುರಿತು ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದದ್ದು ಇಷ್ಟು: ಹೆಚ್ಚುವರಿ ಶಿಕ್ಷಕರಿಗಾಗಿ ಆಕೆ ಮೂರು ಸಲ ಮನವಿ ಸಲ್ಲಿಸಿದ್ದರು. ಹಿಂದೆ ಬಿದ್ದ ಮಕ್ಕಳು ಶಾಲೆಯ ಫಲಿತಾಂಶದಲ್ಲಿ ಕಂಡುಬರುತ್ತಿಲ್ಲ ಎಂದು ಇಲಾಖೆ ಮೂರು ಸಲವೂ ಉತ್ತರಿಸಿತ್ತು. ಜಪ್ತಿಯಾದ ಪತ್ರಿಕೆಗಳನ್ನು ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಸಲ್ಲಿಸಿ, ಒಂದೊಂದು ಪ್ರತಿಯನ್ನು ಶಿಕ್ಷಣ ಇಲಾಖೆಗೂ ಕಳಿಸಲಾಗಿದೆ.

ಇಲಾಖೆಗೆ ಪ್ರತಿ ಕಳಿಸಬೇಕೆಂಬ ನಿಯಮವೇನೂ ಇರಲಿಲ್ಲ.