ಅವನು ಅಳೆಯದ ಬುದ್ಧಿ

“ನೀವು ಬೇಡ, ಸುನಂದ ಮೇಡಂ.”

ವೇಣುಗೋಪಾಲ್ ಕಣ್ಣೆತ್ತಲೂ ಇಲ್ಲ. ಸುನಂದ ಚಾಚಿದ್ದ ಒಪ್ಪಿಗೆ ಪತ್ರ ಅವಳ ಕೈಯಲ್ಲೇ ಉಳಿಯಿತು.

ಮುಳಬಾಗಿಲಿನ ಆ ವಿಶೇಷ ಮಕ್ಕಳ ಕೇಂದ್ರದಲ್ಲಿ ಅವಳು ಶಿಕ್ಷಕಿ, ಅವನು ಹೊಸ ಮನಶ್ಶಾಸ್ತ್ರಜ್ಞ. ದೊಡ್ಡವರ ಬುದ್ಧಿಮತ್ತೆ ಅಳೆಯುವ ಪರೀಕ್ಷೆಯಲ್ಲಿ ಕೈ ಪಳಗಿಸಿಕೊಳ್ಳಲು ಅವನಿಗೆ ಹತ್ತು ಜನ ಬೇಕಿದ್ದರು. ಅಡುಗೆಯ ಮುನಿಶಾಮಮ್ಮನನ್ನೂ ಕೂರಿಸಿದ್ದ. ಇವಳನ್ನು ಮಾತ್ರ...

ಹತ್ತನೆಯವಳು ಅಂಬ್ರೀನ್, ಇವಳ ಸಹಶಿಕ್ಷಕಿ.

ಕಿಟಕಿಯ ಗಾಜಿನಾಚೆ ಅಂಬ್ರೀನ್ ಕೆಂಪು-ಬಿಳಿ ಘನಗಳನ್ನು ಜೋಡಿಸುತ್ತಿದ್ದಳು. ಅವನು ಸ್ಟಾಪ್‌ವಾಚ್ ಹಿಡಿದು ಅವಳ ಬೆರಳುಗಳನ್ನೇ ನೋಡುತ್ತಿದ್ದ. ನೋಡಲೇಬೇಕು, ಅದು ಅವನ ಕೆಲಸ. ಸುನಂದಳಿಗೆ ಅದು ಗೊತ್ತಿತ್ತು. ಆದರೂ ಎದೆ ಉರಿಯಿತು.

‘ನನ್ನ ಬೆರಳನ್ನು ಒಂದು ದಿನವಾದರೂ ಹೀಗೆ ನೋಡಿದ್ದಾರಾ?’

“ಏನಮ್ಮಾ, ಗಾಜು ಒಡೆಯೋ ಹಂಗೆ ನೋಡ್ತಿದೀಯಾ?” ಮುನಿಶಾಮಮ್ಮ ನಕ್ಕಳು. “ಒಳಗೋಗಿ ಕೇಳು ಕಣೇ.”

ಅಂಬ್ರೀನ್ ಹಣೆ ಒತ್ತಿಕೊಳ್ಳುತ್ತಾ ಹೊರಬಂದಳು. “ಅಂಕಿ ಎಲ್ಲಾ ಉಲ್ಟಾ ಹೇಳಿಸ್ತಾರೆ ಕಣೇ, ಸಾಕಾಗೋಯ್ತು.”

ಸುನಂದ ಒಳಗೆ ಹೋದಳು.

“ಮೊಬೈಲಲ್ಲಿ ನಾನೇ ಪರೀಕ್ಷೆ ತಗೊಂಡೆ. ಸರಾಸರಿ ನೂರಂತೆ, ನಂಗೆ ತೊಂಬತ್ತೆರಡು ಬಂತು. ನಾನು ದಡ್ಡಿ ಅಂತ ನಿಮಗೆ ಮೊದ್ಲೇ ಅನ್ಸಿತ್ತಾ?”

“ಅಯ್ಯೋ, ಅದನ್ನೆಲ್ಲ ನಂಬ್ತಾರಾ?”

“ಮತ್ಯಾಕೆ ನಾನು ಬೇಡ?”

ಅವನು ಘನಗಳನ್ನು ಡಬ್ಬಿಗೆ ತುಂಬಿದ. ಒಂದು ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

“ಹತ್ತಿರದವರನ್ನ ನಾವು ಅಳೀಬಾರದು. ಅದು ನಿಯಮ.”

“ಅಂಬ್ರೀನೂ ದಿನಾ ಜೊತೇಲೇ ಇರ್ತಾಳೆ.”

“ಅವ್ರು ಒಂದು ಜೋಡಣೆಗೆ ತಡ ಮಾಡಿದ್ರು, ಅದಕ್ಕೆ ಸೊನ್ನೆ ಬರೆದೆ.” ಅವನ ದನಿ ತಗ್ಗಿತು. “ನೀವು ತಡವರಿಸಿದ್ರೆ ನಾನು ವಾಚೇ ನಿಲ್ಲಿಸಿಬಿಡ್ತೀನಿ. ಲೆಕ್ಕ ಸುಳ್ಳಾಗುತ್ತೆ, ಸುನಂದ.”

ಮೇಡಂ ಅನ್ನಲಿಲ್ಲ... ಅವಳು ಬಿದ್ದ ಘನವನ್ನೆತ್ತಿ ಮೇಜಿನ ಮೇಲಿಟ್ಟಳು.

“ಯಾವಾಗಿಂದ?”

“ಬಂದ ವಾರದಿಂದ. ಹೇಳೋಕೆ ಭಯ ಇತ್ತು.”

“ನಂಗೂ,” ಎಂದಳು ಅವಳು. ಅವನ ಕೈ ಮೇಜಿನ ಮೇಲೆ ಮೆಲ್ಲನೆ ಅವಳ ಕೈ ಸೇರಿತು.

“ಹಂಗಾದ್ರೆ ನನ್ನ ಬುದ್ಧಿ ಎಷ್ಟು ಅಂತ ಗೊತ್ತಾಗೋದೇ ಇಲ್ವಾ?”

“ಮಾಲೂರಲ್ಲಿ ಇನ್ನೊಬ್ರು ಮೇಡಂ ಇದಾರೆ, ಅವ್ರು ಪರೀಕ್ಷೆ ಮಾಡ್ತಾರೆ. ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ.”

ಸುನಂದ ಅವನ ಮುಖವನ್ನೇ ದಿಟ್ಟಿಸಿದಳು.

“ಆ ಮೇಡಂಗೆ ವಯಸ್ಸೆಷ್ಟು?”

“ಮುಂದಿನ ತಿಂಗಳು ರಿಟೈರ್ ಆಗ್ತಾರೆ.”

“ಸರಿ,” ಎಂದಳು, ಕೈ ಬಿಡದೆ. “ಹೋಗೋಣ.”