ಬಾಗಿಲು ತೆರೆಯುವವರೆಗೂ ಮಾತಾಡಿ

ಆ ಐಷಾರಾಮಿ ಹೋಟೆಲಿನ ಹನ್ನೊಂದನೇ ಮಹಡಿಯ ಕೋಣೆಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಎರಡು ಒಂಟಿ ಮಂಚ. ನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮೇಜು, ಜಪ್ಪಯ್ಯ ಎಂದರೂ ಅಲುಗಾಡದು. ಹೊಸದಾಗಿ ಮದುವೆಯಾದವರು ಹೋಗಿ ಬರಲಿ ಎಂದು ನನ್ನ ಭಾವ ಮಾಡಿಸಿಕೊಟ್ಟಿದ್ದ ಪರದೇಶದ ಪ್ರವಾಸ ಇದು. ಕಿಟಕಿಯಲ್ಲಿ ಸಮುದ್ರ ಕಾಣಬೇಕಿತ್ತು. ಕಂಡದ್ದು ಎದುರು ಕಟ್ಟಡದ ಸಿಮೆಂಟು ಗೋಡೆ. ಈಜುಕೊಳದಲ್ಲಿ ನೀರಿನ ಬದಲು ಏಣಿ ಮತ್ತು ಬಣ್ಣದ ಡಬ್ಬಗಳಿದ್ದವು.

"ರೀ, ಕೆಳಗೆ ಹೋಗಿ ಹೇಳಿ ಬನ್ನಿ," ಎಂದೆ.

ಹೋದರು. ಇಪ್ಪತ್ತು ನಿಮಿಷ ಬಿಟ್ಟು ಬಂದರು.

"ಹೇಳಿದ್ರಾ?"

"ಹೇಳ್ದೆ. ನಿಮ್ಮ ಲಿಫ್ಟಿನ ಬ್ರೇಕು ಸದ್ದು ಮಾಡ್ತಿದೆ, ಇವತ್ತೇ ನೋಡಿಸಿ ಅಂದೆ. ನಕ್ಕರು."

"ಮಂಚ?"

ನನ್ನ ಗಂಡ ತಲೆ ಕೆರೆದುಕೊಂಡರು. "ಅದು ಮರೆತೇ ಹೋಯ್ತು."

ಲಿಫ್ಟ್ ಮೆಕ್ಯಾನಿಕ್‌ನನ್ನು ಕಟ್ಟಿಕೊಂಡರೆ ಇಷ್ಟೇ. ಮದುವೆಯಾಗಿ ಏಳು ತಿಂಗಳು. ಊಟಕ್ಕೆ ಕೂತಾಗಲೇ ಇವರಿಗೆ ಫೋನು ಬರುತ್ತದೆ, ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಇವರು ಚಪ್ಪಲಿ ಹುಡುಕುತ್ತಲೇ ಬೆಣ್ಣೆಯಂಥ ದನಿ ತೆಗೆಯುತ್ತಾರೆ: "ಹೆದರ್ಬೇಡಿ ಮೇಡಂ, ನಾನಿದ್ದೀನಿ. ಮನೇಲಿ ಯಾರ್ಯಾರಿದ್ದಾರೆ, ಹೇಳಿ..." ಬಾಗಿಲು ತೆರೆಯುವವರೆಗೂ ಮಾತು ನಿಲ್ಲಿಸಬಾರದಂತೆ, ಅದು ಅವರ ಕೆಲಸದ ನಿಯಮ. ನನ್ನ ಪಾಲಿಗೆ ಮಾತ್ರ "ಹ್ಞೂಂ", "ಆಯ್ತು", "ಉಪ್ಪು ಸರಿಯಾಗಿದೆ". ಅವರಮ್ಮನ ಬಲವಂತಕ್ಕೆ ನನ್ನನ್ನು ಒಪ್ಪಿಕೊಂಡರೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ. ಎರಡನೇ ದಿನ ಅಕ್ಕನಿಗೆ ಫೋನ್ ಮಾಡಿ, "ವಾಪಸ್ ಬಂದ ಮೇಲೆ ನಿನ್ನ ಮನೆಗೇ ಬರ್ತೀನಿ ಕಣೇ ಅಕ್ಕ. ಇವರ ಜೊತೆ ಹೋಗಲ್ಲ," ಎಂದುಬಿಟ್ಟೆ.

ಮೂರನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಹತ್ತಿದ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಒಮ್ಮೆ ಜಗ್ಗಿ ನಿಂತಿತು.

"ರೀ, ಏನಾದ್ರೂ ಮಾಡಿ!"

ಕೆಂಪು ಗುಂಡಿ ಒತ್ತಿದರು. ಆ ಕಡೆಯ ದನಿ ನಮಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಕಟ್ ಆಯಿತು. ಬಾಗಿಲ ಮೇಲೆ ಅಂಗೈಯಿಟ್ಟು ಇವರು ಸುಮ್ಮನೆ ನಿಂತರು.

"ಒಳಗಡೆ ಸಿಕ್ಕೊಂಡ್ರೆ ನಾನೂ ಎಲ್ಲರ ಹಾಗೇನೇ ಕಣೇ. ನನ್ನ ಕೈಲಿ ಏನೂ ಆಗಲ್ಲ."

ಅವರ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬಂತು. ಆಗ ಇವರು ನನ್ನೆದುರು ಕುಕ್ಕರುಗಾಲಿನಲ್ಲಿ ಕೂತು, ನೆಲ ನೋಡುತ್ತಾ, ಆ ದನಿ ತೆಗೆದರು.

"ಹೆದರ್ಬೇಡಿ ಮೇಡಂ. ಗೋಡೆಗೆ ಒರಗಿ ಕೂತ್ಕೊಳ್ಳಿ. ಮನೇಲಿ ಯಾರ್ಯಾರಿದ್ದಾರೆ?"

ಅಳುವಿನ ನಡುವೆಯೂ ಮೈಯೆಲ್ಲ ಉರಿಯಿತು. "ಗಂಡ ಇದ್ದಾರೆ. ಇದ್ದೂ ಇಲ್ಲದ ಹಾಗೆ."

"ಏನ್ ಕೆಲ್ಸ ಅವರಿಗೆ?"

"ಊರಿನ ಹೆಂಗಸರಿಗೆಲ್ಲ ಧೈರ್ಯ ಹೇಳೋದು."

ಅವರ ತುಟಿಯಂಚಿನಲ್ಲಿ ನಗು ಸುಳಿದು ಹೋಯಿತು. ಕಿವಿ ಕೆಂಪಾಯಿತು.

"ನಿಮ್ಮ ಮನೇಲಿ ಯಾರಿದ್ದಾರೆ?" ಎಂದೆ, ಬಿಡದೆ.

"ಹೆಂಡತಿ ಇದ್ದಾಳೆ ಮೇಡಂ. ಬೆಳಿಗ್ಗೆ ಅವಳು ಜಡೆ ಹಾಕ್ಕೊಳ್ಳೋದು ನೋಡ್ತಾ ಕೂತು ಎರಡು ಸಲ ಬಸ್ಸು ತಪ್ಪಿಸ್ಕೊಂಡಿದ್ದೀನಿ."

"ಅವಳಿಗೆ ಹೇಳಿದ್ರಾ?"

"ಇಲ್ಲ. ಸಿಕ್ಕೊಂಡೋರ ಹತ್ರ ಮಾತು ಸುಲಭ. ಬಾಗಿಲು ತೆರೆದ್ರೆ ಹೊರಟೋಗ್ತಾರೆ, ನಾನು ಹೇಳಿದ್ದು ಮರೀತಾರೆ. ಅವಳು ಮರೆಯಲ್ಲ. ಏನಾದ್ರೂ ಎಡವಟ್ಟು ಮಾತಾಡಿಬಿಟ್ರೆ ಅಂತ ಭಯ. ನಿನ್ನೆ ಅವಳು ಅಕ್ಕನಿಗೆ ಫೋನಲ್ಲಿ ಹೇಳಿದ್ದು ಕೇಳಿಸ್ತು ಮೇಡಂ. ಬಾತ್‌ರೂಮಿನಲ್ಲಿದ್ದೆ. ಹೋಗ್ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ. ಅವಳು ಹೋದ್ರೆ ನಾನು..."

ಧಡ್ ಎಂದು ಸದ್ದಾಯಿತು. ಲಿಫ್ಟು ಮೆಲ್ಲಗೆ ಇಳಿದು ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಕೋಟು ತೊಟ್ಟ ಮ್ಯಾನೇಜರು ನಗುತ್ತಾ "ಸಾರಿ" ಎಂದು ಇವರ ಕೈಗೆ ಎರಡು ಚಾಕೊಲೇಟು ಕೊಟ್ಟರು.

ಇವರ ಮಾತು ಅಲ್ಲಿಗೇ ನಿಂತಿತು. ಬಾಗಿಲು ತೆರೆದಿತ್ತಲ್ಲ.

ಮೆಟ್ಟಿಲು ಹತ್ತತೊಡಗಿದೆವು. ಐದು, ಆರು, ಏಳು. ಹಿಂದೆ ಅವರ ಏದುಸಿರು ಮಾತ್ರ. ತಿರುಗಿ ನೋಡಿದರೆ ಚಾಕೊಲೇಟು ಹಿಡಿದುಕೊಂಡು ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಈ ಮನುಷ್ಯನನ್ನು ಬಿಟ್ಟು ಹೋಗಲಾರೆ ಎಂದು ಆಗಲೇ ಗೊತ್ತಾಯಿತು. ಹೀಗೆ ಮಾತಿಲ್ಲದೆ ಬಾಳಲೂ ನನ್ನಿಂದಾಗದು. ಎಂಟನೇ ಮಹಡಿಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟೆ.

"ಏನಾಯ್ತು? ಕಾಲು ನೋವಾ?"

"ನಾನಿನ್ನೂ ಲಿಫ್ಟಿನೊಳಗೇ ಇದ್ದೀನಿ," ಎಂದೆ. "ಬಾಗಿಲು ತೆರೆದಿಲ್ಲ."

ಅವರು ಬಂದು ಒಂದು ಮೆಟ್ಟಿಲು ಕೆಳಗೆ ಕೂತರು. ಈ ಸಲ ನೆಲ ನೋಡಲಿಲ್ಲ.

"ಅವಳು ಹೋದ್ರೆ ನಾನು ಇನ್ಯಾರಿಗೂ ಧೈರ್ಯ ಹೇಳೋಕಾಗಲ್ಲ ಮೇಡಂ."

"ಮೇಡಂ ಅಲ್ಲ."

"ನೀನು ಹೋದ್ರೆ," ಎಂದು ತಿದ್ದಿಕೊಂಡು, ಮತ್ತೆ ಮೊದಲಿಂದ ಶುರು ಮಾಡಿದರು.